ಕುಟುಕುವ ಕೊರಳಪಟ್ಟಿ



ಪಾಸ್ಖ ಹಬ್ಬ ಕಳೆದ ಮೇಲೆ ಮನೆಗಳನ್ನು ಆಶೀರ್ವದಿಸಲು ಹೋಗುವುದು ಗುರುಗಳಾದ ನಮಗೆ ಸಂತೋಷದ ಕೆಲಸ. ಆದರೆ ಗೇಟಿನ ಬಳಿ ನಿಂತು ನಮ್ಮನ್ನು ಮೊದಲು ವಿಚಾರಿಸಿಕೊಳ್ಳುವವರು ಮನೆಯ ಯಜಮಾನರಲ್ಲ, ಮನೆಯ ನಾಯಿ. ಬಿಳಿ ನಿಲುವಂಗಿ ಕಂಡರೆ ಕೆಲವು ನಾಯಿಗಳಿಗೆ ಅದೇನು ಕೋಪವೋ! ಎಷ್ಟೋ ಮನೆಗಳಲ್ಲಿ ಜಪ ಆರಂಭಿಸಲು ನಾಯಿಯ ಅಪ್ಪಣೆಗೆ ಕಾದು ನಿಂತಿದ್ದೇನೆ. ಆದ್ದರಿಂದಲೇ ಒಂದು ನಾಯಿ ಬೊಗಳದೇ ಇದ್ದ ದಿನ ನನ್ನ ಮನಸ್ಸಿನಲ್ಲಿ ಉಳಿದಿದೆ.

ಎರಡು ವರ್ಷಗಳ ಹಿಂದಿನ ಮಾತು. ತಿಪಟೂರಿನ ಅಂಚಿನಲ್ಲಿರುವ ಒಂದು ಮನೆ. ಹಿಂದೆ ತೆಂಗಿನ ತೋಟ, ಮುಂದೆ ಡಾಂಬರು ರಸ್ತೆ, ಅಟ್ಟದ ತುಂಬ ಕಾಯಿ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಹಾಗೆಯೇ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ವರ್ಷದ ದುಡಿಮೆಯೆಲ್ಲ ತಲೆಯ ಮೇಲಿನ ಅಟ್ಟದಲ್ಲಿ ಮಲಗಿರುವ ಮನೆಗೆ ನಾಯಿ ಎಂದರೆ ಅಲಂಕಾರವಲ್ಲ. ಆ ಮನೆಯ ನಾಯಿಯ ಹೆಸರು ರಾಜ. ಕಂದು ಬಣ್ಣದ ನಾಟಿ ನಾಯಿ. ನನ್ನ ಬೈಕು ರಸ್ತೆಯ ತಿರುವಿನಲ್ಲಿ ಇರುವಾಗಲೇ ಬೊಗಳಲು ಶುರುಮಾಡುತ್ತಿತ್ತು.

ಆ ದಿನ ಸದ್ದೇ ಇಲ್ಲ. ನನಗೆ ಮೊದಲು ಬಂದ ಯೋಚನೆ ಚಿರತೆಯದು. ತುಮಕೂರು ಜಿಲ್ಲೆಯ ಕಲ್ಲುಗುಡ್ಡಗಳಲ್ಲಿ, ಕುರುಚಲು ಕಾಡಿನಲ್ಲಿ ಚಿರತೆಗಳಿವೆ. ರಾತ್ರಿ ಹೊರಗೆ ಸರಪಳಿಯಲ್ಲಿ ಕಟ್ಟಿದ ನಾಯಿ ಅವುಗಳಿಗೆ ಬಡಿಸಿಟ್ಟ ಊಟ. “ರಾಜ ಎಲ್ಲಿ?” ಎಂದು ಕೇಳಿದೆ. ಮನೆಯ ಯಜಮಾನರು ನಕ್ಕು, “ಇದ್ದಾನೆ ಫಾದರ್, ಈಗ ಬಹಳ ಒಳ್ಳೆಯವನಾಗಿಬಿಟ್ಟಿದ್ದಾನೆ” ಎಂದರು.

ರಾಜ ಅಟ್ಟದ ಮೆಟ್ಟಿಲ ಕೆಳಗೆ ಮುದುಡಿಕೊಂಡು ಮಲಗಿತ್ತು. ಕೊರಳಿನಲ್ಲಿ ಒಂದು ಕಪ್ಪು ಪಟ್ಟಿ, ಅದಕ್ಕೆ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಕೊರಿಯರ್ ಮೂಲಕ ಕಳಿಸಿದ್ದಂತೆ. ನಾಯಿ ಬೊಗಳಿದ ಕೂಡಲೇ ಆ ಪೆಟ್ಟಿಗೆ ಕೊರಳಿನ ನಡುಕವನ್ನು ಗುರುತಿಸುತ್ತದೆ. ಒಳಗಡೆ ಚರ್ಮಕ್ಕೆ ತಾಗಿಕೊಂಡಿರುವ ಎರಡು ಲೋಹದ ಮೊಳೆಗಳ ಮೂಲಕ ಕರೆಂಟಿನ ಶಾಕ್ ಕೊಡುತ್ತದೆ. ಮತ್ತೆ ಬೊಗಳಿದರೆ ಇನ್ನೂ ಜೋರು. “ನಾಲ್ಕೇ ದಿನ ಫಾದರ್, ಬಾಯಿ ಬಂದಾಯಿತು” ಎಂದು ಯಜಮಾನರು ಹೇಳುವಾಗ ಅವರ ಮುಖದಲ್ಲಿ ಕ್ರೌರ್ಯವೇನೂ ಇರಲಿಲ್ಲ. ಒಂದು ತಲೆನೋವು ಕಳೆದ ನೆಮ್ಮದಿ ಇತ್ತು, ಅಷ್ಟೆ.

ಅವರ ತಾಯಿ, ಎಂಬತ್ತರ ಸಮೀಪದ ಅಜ್ಜಿ, ನನ್ನನ್ನು ಮೆಟ್ಟಿಲ ಬಳಿ ಕರೆದರು. ಪಟ್ಟಿಯನ್ನು ಒಂದಿಷ್ಟು ಸರಿಸಿ ನಾಯಿಯ ಕೂದಲನ್ನು ಬೆರಳಿನಿಂದ ಬಿಡಿಸಿ ತೋರಿಸಿದರು. ಮೊಳೆ ಒತ್ತಿದ ಎರಡು ಕಡೆ ಚರ್ಮ ಕಿತ್ತು ಹುಣ್ಣಾಗಿತ್ತು. “ಇವನು ಬೊಗಳೋದು ನಮ್ಮ ಹುಡುಗ ಬೆಂಗಳೂರಿಗೆ ಹೋದ ಮೇಲೆ ಜಾಸ್ತಿ ಆಯ್ತು ಸ್ವಾಮ್ಯೋರೇ” ಎಂದರು. ಅಷ್ಟೇ ಅವರು ಹೇಳಿದ್ದು.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಪ್ರಾರ್ಥನೆ ಹೇಳಿದೆ, ಪವಿತ್ರ ಜಲ ಪ್ರೋಕ್ಷಿಸಿದೆ, ಎಳನೀರು ಕುಡಿದೆ, ಮುಂದಿನ ಮನೆಗೆ ಹೊರಟೆ. ಹಬ್ಬದ ದಿನಗಳಲ್ಲಿ ಒಬ್ಬರ ಮನೆಗೆ ಹೋಗಿ ನಾಯಿಯ ವಿಷಯಕ್ಕೆ ಏಕೆ ಬೇಸರ ಉಂಟುಮಾಡಬೇಕು ಎಂದುಕೊಂಡೆ.

ಆ ರಾತ್ರಿ ಪ್ರವಾದಿ ಯೆಶಾಯನ ಗ್ರಂಥದ 56ನೇ ಅಧ್ಯಾಯ ನನ್ನನ್ನು ಹಿಡಿದುಕೊಂಡಿತು. ಅಲ್ಲಿ ದೇವರು ಇಸ್ರಯೇಲಿನ ಕಾವಲುಗಾರರನ್ನು ಕುರುಡರೆಂದೂ, ಬೊಗಳಲಾರದ ಮೂಗನಾಯಿಗಳೆಂದೂ ಗದರಿಸುತ್ತಾರೆ. ಗಮನಿಸಿ, ಬೊಗಳುವ ನಾಯಿಯನ್ನಲ್ಲ ದೇವರು ಗದರಿಸಿದ್ದು, ಬೊಗಳದ ನಾಯಿಯನ್ನು. ಜರ್ಮನಿಯ ಪ್ರೇಷಿತರೆಂದು ಹೆಸರಾದ, 754ರಲ್ಲಿ ರಕ್ತಸಾಕ್ಷಿಯಾಗಿ ಮಡಿದ ಸಂತ ಬೋನಿಫಾಸರು ತಮ್ಮ ಒಂದು ಪತ್ರದಲ್ಲಿ ಇದೇ ಮಾತನ್ನು ಹಿಡಿದು, ಮಂದೆಯ ಕುರುಬರು ಮೂಗನಾಯಿಗಳಾಗಬಾರದು ಎಂದು ಎಚ್ಚರಿಸಿದ್ದಾರೆ. ಅವರ ಹಬ್ಬವಾದ ಜೂನ್ 5ರಂದು ಗುರುಗಳಾದ ನಾವು ಅದನ್ನು ನಮ್ಮ ದೈನಂದಿನ ಜಪದಲ್ಲಿ ಓದುತ್ತೇವೆ. ಪ್ರತಿವರ್ಷ ಓದಿದ್ದೇನೆ. ಆ ಮನೆಯಲ್ಲಿ ಎರಡು ಮೂಗನಾಯಿಗಳಿದ್ದವು. ಒಂದಕ್ಕೆ ಪಟ್ಟಿ ಇತ್ತು, ಇನ್ನೊಂದಕ್ಕೆ ಪಟ್ಟಿಯ ಅಗತ್ಯವೂ ಇರಲಿಲ್ಲ.

ಆದರೆ ಇದನ್ನು ಓದಿ ಪಕ್ಕದ ಮನೆಯವರನ್ನು ಬೈಯಲು ಯಾರೂ ಹೊರಡಬೇಡಿ. ಅವರ ಕಡೆಯೂ ನ್ಯಾಯವಿದೆ. ಪಕ್ಕದಲ್ಲಿ ಇದ್ದವರು ನಿವೃತ್ತ ಮೇಷ್ಟ್ರು, ಹೃದಯದ ಚಿಕಿತ್ಸೆ ಆಗಿದ್ದವರು. ಮೊಮ್ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದಳು. ರಾತ್ರಿ ಹನ್ನೆರಡರಿಂದ ಮೂರರವರೆಗೆ ಒಂದು ನಾಯಿ ಬಿಡದೆ ಬೊಗಳಿದರೆ ಆ ಮನೆಯ ಪಾಡೇನು? “ನಾಯಿ ಎಂದ ಮೇಲೆ ಬೊಗಳದೆ ಹಾಡುತ್ತದೆಯೇ” ಎಂದು ಕೇಳುವವರಿದ್ದಾರೆ. ಅದು ಉತ್ತರವಲ್ಲ, ಉಡಾಫೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯಲ್ಲಿ ನೆರೆಯವನ ನಿದ್ರೆಯೂ ಸೇರಿದೆ. ಅವನು ನಮ್ಮ ಧರ್ಮಕೇಂದ್ರಕ್ಕೆ ಸೇರದವನಾದರೆ ಇನ್ನೂ ಹೆಚ್ಚಾಗಿ ಸೇರಿದೆ. ಯೇಸುಸ್ವಾಮಿ ಸಮಾರಿಯದವನ ಸಾಮತಿಯನ್ನು ಹೇಳಿದ್ದು ಸುಮ್ಮನೆ ಅಲ್ಲ. ಹಾಗಾದರೆ ನಮ್ಮ ಮುಂದಿರುವ ಪ್ರಶ್ನೆ ನಾಯಿ ಬೇಕೋ, ನೆರೆಯವನು ಬೇಕೋ ಎಂಬುದಲ್ಲ. ನೆರೆಯವನ ನಿದ್ರೆಗೆ ಬೆಲೆ ಕೊಡಬೇಕಾದವರು ಯಾರು? ಸಾಕಿದ ನಾವೋ, ಅಥವಾ ಎರಡು ಮೊಳೆಗಳ ತುದಿಯಲ್ಲಿ ಆ ಮೂಕ ಪ್ರಾಣಿಯೋ?

ಈ ಪಟ್ಟಿಗಳಲ್ಲಿ ಹಲವು ಬಗೆ. ಕೆಲವು ಶಾಕ್ ಕೊಡುತ್ತವೆ. ಕೆಲವು ಬರೀ ಅದುರುತ್ತವೆ. ಕೆಲವು ನಿಂಬೆಹುಲ್ಲಿನ ಜಾತಿಯ ಸಿಟ್ರೊನೆಲ್ಲಾ ಎಣ್ಣೆಯನ್ನು ಮೂತಿಯ ಬಳಿ ಸಿಂಪಡಿಸುತ್ತವೆ. ಇನ್ನು ಕೆಲವು ಕೀರಲು ಸದ್ದು ಮಾಡುತ್ತವೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಮಾತ್ರ ಕೇಳಬಲ್ಲದು, ನಾಯಿಯ ಕಿವಿ 40,000ಕ್ಕೂ ಮೇಲೆ, ಆದ್ದರಿಂದ ಆ ಹಿಂಸೆ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಎಲ್ಲವೂ ಸಮಾನ ಕ್ರೂರ ಎಂದು ನಾನು ಹೇಳುವುದಿಲ್ಲ. ಸಿಂಪಡಿಸುವುದು ಶಾಕ್‌ಗಿಂತ ಎಷ್ಟೋ ವಾಸಿ. ಬ್ರಿಟನ್ನಿಗೆ ಸೇರಿದ ವೇಲ್ಸ್‌ನಲ್ಲಿ 2010ರಿಂದ ನಾಯಿ ಬೆಕ್ಕುಗಳಿಗೆ ಶಾಕ್ ಕೊಡುವ ಪಟ್ಟಿ ತೊಡಿಸುವುದೇ ಅಪರಾಧ. ಆದರೆ ಎಲ್ಲ ಪಟ್ಟಿಗಳಿಗೂ ಒಂದು ಕೊರತೆ ಸಮಾನ. ಅವು ಸದ್ದನ್ನು ಕೇಳುತ್ತವೆ, ಕಾರಣವನ್ನು ಕೇಳುವುದಿಲ್ಲ.

ನಾಯಿ ಬೊಗಳುವುದಕ್ಕೆ ಕಾರಣ ಒಂದೇ ಅಲ್ಲ. ಅಪರಿಚಿತನನ್ನು ಕಂಡು ಬೊಗಳುತ್ತದೆ, ಹೆದರಿ ಬೊಗಳುತ್ತದೆ, ಬೇಸರಕ್ಕೆ ಬೊಗಳುತ್ತದೆ, ಒಂಟಿಯಾಗಿ ಬಿಟ್ಟರೆ ಬೊಗಳುತ್ತದೆ, ನೋವಿದ್ದರೂ ಬೊಗಳುತ್ತದೆ. ವಯಸ್ಸಾದ ನಾಯಿ ಕೆಲವೊಮ್ಮೆ ದಿಕ್ಕು ತೋಚದೆ ಬೊಗಳುತ್ತದೆ. ಹೆದರಿ ಬೊಗಳಿದ ನಾಯಿಗೆ ಶಾಕ್ ಕೊಟ್ಟರೆ ಹೆದರಿಕೆ ಹೋಗುವುದಿಲ್ಲ, ಇಮ್ಮಡಿಯಾಗುತ್ತದೆ. ಅಷ್ಟೇ ಅಲ್ಲ, ಶಾಕ್ ಹೊಡೆದ ಗಳಿಗೆಯಲ್ಲಿ ಎದುರಿಗೆ ಯಾರಿದ್ದರೋ ಅವರಿಂದಲೇ ಈ ನೋವು ಬಂತೆಂದು ಅದು ತಿಳಿಯಬಹುದು. ಎದುರಿಗಿದ್ದದ್ದು ಒಂದು ಮಗುವಾಗಿದ್ದರೆ? ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲೆವು. ಗಾದೆಯನ್ನು ಪೂರ್ತಿ ನಂಬಿ ನಾಯಿಯ ಬಾಯಿಗೆ ಕೈ ಕೊಡಬೇಡಿ. ಆದರೆ ಅದರಲ್ಲಿ ಒಂದು ತಿರುಳಿದೆ: ಬೊಗಳುವುದೆಂದರೆ ಎಚ್ಚರಿಕೆ ಕೊಡುವುದು. ಎಚ್ಚರಿಕೆಯನ್ನು ಹೊಡೆದು ಬಿಡಿಸಿದ ನಾಯಿಗೆ ಉಳಿಯುವುದು ಹಲ್ಲು ಮಾತ್ರ.

ಹಿಮಾಲಯದ ಕುರಿಗಾಹಿಗಳೂ ತಮ್ಮ ನಾಯಿಗಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ತೊಡಿಸುತ್ತಾರೆ. ಚಿರತೆ ನಾಯಿಯ ಕುತ್ತಿಗೆಗೇ ಬಾಯಿ ಹಾಕುವುದರಿಂದ ಅದರ ಬಾಯಿಗೆ ಮುಳ್ಳು ಚುಚ್ಚಲಿ ಎಂದು. ಅಲ್ಲಿ ಮುಳ್ಳು ಹೊರಗಡೆ. ನಾವು ಕೊರಿಯರ್‌ನಲ್ಲಿ ತರಿಸಿದ ಪಟ್ಟಿಯಲ್ಲಿ ಮುಳ್ಳು ಒಳಗಡೆ. ನಮ್ಮ ನಾಡಿನಲ್ಲೇ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಶಾಸನವಿತ್ತು, ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನಲ್ಲಿ ಅವನ ವೀರ ಮಣಲೇರ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯ ಮೇಲೆ ಬಿದ್ದು ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ನಾಯಿಗೆ ಕಲ್ಲು ನೆಟ್ಟ ನಾಡಿನವರು ನಾವು.

ಇನ್ನು ಧರ್ಮಸಭೆ ಏನು ಹೇಳುತ್ತದೆ? ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಪ್ರಕಟಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ 2416ರಿಂದ 2418ರವರೆಗಿನ ಪರಿಚ್ಛೇದಗಳು ಪ್ರಾಣಿಗಳ ಕುರಿತಾಗಿವೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆಯ ಋಣಿಗಳು, ಅವನ್ನು ಅನಗತ್ಯವಾಗಿ ನರಳಿಸುವುದು ಮನುಷ್ಯನ ಘನತೆಗೇ ಕುಂದು ಎಂದು ಅಲ್ಲಿದೆ. ಜೊತೆಗೆ ಇನ್ನೊಂದು ಮಾತೂ ಇದೆ, ಪಟ್ಟಣದ ಕೆಲವರಿಗೆ ರುಚಿಸಲಾರದು: ಮನುಷ್ಯರಿಗೆ ಮಾತ್ರ ಸಲ್ಲಬೇಕಾದ ಅಕ್ಕರೆಯನ್ನು ಪ್ರಾಣಿಗಳಿಗೆ ಕೊಡಬಾರದು, ಮೊದಲು ಬಡವರಿಗೆ ಸೇರಬೇಕಾದ ಹಣವನ್ನು ಅವುಗಳ ಮೇಲೆ ಸುರಿಯಬಾರದು. ನಾಯಿಯನ್ನು ಮಗುವಿನಂತೆ ಸಿಂಗರಿಸುವುದೂ ಬೇಡ, ಯಂತ್ರದಂತೆ ಆರಿಸುವುದೂ ಬೇಡ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ಪತ್ರದ 92ನೇ ಪರಿಚ್ಛೇದದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಣಿಯನ್ನು ಹಿಂಸಿಸುವ ಕಲ್ಲುಮನಸ್ಸು ಬೇಗ ಅಥವಾ ತಡವಾಗಿ ಮನುಷ್ಯರ ಕಡೆಗೂ ತಿರುಗುತ್ತದೆ ಎಂದು ಬರೆದರು.

ಅದು ನಿಜವೇ? ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಪದೇಪದೇ ಪ್ರಶ್ನೆ ಕೇಳುವ ಮಗುವಿನ ಕೈಗೆ ಮೊಬೈಲು ಕೊಟ್ಟು ಬಾಯಿ ಮುಚ್ಚಿಸುತ್ತೇವೆ. ಹೆಂಡತಿ ಮೂರನೆಯ ಸಲ ಅದೇ ಮಾತನ್ನು ಎತ್ತಿದರೆ “ಶುರುವಾಯ್ತಾ ನಿಂದು” ಎನ್ನುತ್ತೇವೆ. ರಾತ್ರಿ ಕೆಮ್ಮುವ, ಗೊಣಗುವ ಮುದುಕರ ಮಂಚ ಹಿಂದಿನ ಕೋಣೆಗೆ ಹೋಗುತ್ತದೆ. ಮನೆ ಶಾಂತವಾಗುತ್ತದೆ. ಆ ಶಾಂತಿಯನ್ನು ಬಲಿಪೂಜೆಯಲ್ಲಿ ಒಬ್ಬರಿಗೊಬ್ಬರು ಹಂಚಿಕೊಳ್ಳಲು ಸಾಧ್ಯವೇ?

ಅಸ್ಸಿಸಿಯ ಸಂತ ಫ್ರಾನ್ಸಿಸರ ತೋಳದ ಕಥೆ ನಿಮಗೆಲ್ಲ ಗೊತ್ತು. ಅದು ನಡೆದದ್ದು ನಮ್ಮ ತುಮಕೂರು ದಾರಿಯ ಗುಬ್ಬಿಯಲ್ಲಲ್ಲ, ಇಟಲಿಯ ಗುಬ್ಬಿಯೊ ಪಟ್ಟಣದಲ್ಲಿ. ಊರನ್ನು ನಡುಗಿಸಿದ್ದ ತೋಳಕ್ಕೆ ಫ್ರಾನ್ಸಿಸರು ಸರಪಳಿ ಹಾಕಲಿಲ್ಲ. ಹೊಟ್ಟೆಯ ಹಸಿವೇ ಅದರ ಕೇಡಿಗೆ ಮೂಲವೆಂದು ಅರಿತು, ಊರವರು ಅದಕ್ಕೆ ದಿನವೂ ಉಣಿಸಬೇಕು, ಅದು ಯಾರಿಗೂ ತೊಂದರೆ ಕೊಡಬಾರದು ಎಂದು ಇಬ್ಬರ ನಡುವೆ ಒಪ್ಪಂದ ಮಾಡಿಸಿದರು. ಇಬ್ಬರ ಮೇಲೂ ಹೊಣೆ ಹೊರಿಸಿದರು ಎಂಬುದನ್ನು ನಾವು ಮರೆತುಬಿಡುತ್ತೇವೆ. ಇಟಲಿಯ ಹಳೆಯ ‘ಫಿಯೊರೆತ್ತಿ’ ಸಂಗ್ರಹದಲ್ಲಿ ಈ ಕಥೆಯ ಕೊನೆಗೆ ಒಂದು ಸಣ್ಣ ವಿವರವಿದೆ. ಆ ತೋಳ ಎರಡು ವರ್ಷ ಮನೆಮನೆಗೆ ಹೋಗಿ ಉಂಡು ಬದುಕಿತು, ಅದನ್ನು ಕಂಡು ಊರಿನ ಒಂದು ನಾಯಿಯೂ ಬೊಗಳಲಿಲ್ಲ. ಯಾವ ಪಟ್ಟಿಯೂ ಇಲ್ಲದೆ ಬಂದ ಮೌನ ಅದು.

ನಾನು ಮತ್ತೆ ಆ ಮನೆಗೆ ಹೋದೆ, ಎರಡು ವಾರ ತಡವಾಗಿ. ಅದೃಷ್ಟಕ್ಕೆ ಆ ದಿನ ಮಗನೂ ಬಂದಿದ್ದ. ನಾನು ಉಪದೇಶವನ್ನೇನೂ ಮಾಡಲಿಲ್ಲ. ಮೊದಲ ಸಲ ಸುಮ್ಮನೆ ಹೋದದ್ದು ನನ್ನ ತಪ್ಪು ಎಂದು ಹೇಳಿ, ಅಜ್ಜಿ ತೋರಿಸಿದ ಹುಣ್ಣಿನ ವಿಷಯ ತೆಗೆದೆ. ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ಅವನು ಪಟ್ಟಿ ಬಿಚ್ಚಿ, ಮೊಳೆಗಳನ್ನು ತನ್ನ ಅಂಗೈಗೆ ಒತ್ತಿಕೊಂಡು ಪರೀಕ್ಷಿಸುವ ಗುಂಡಿ ಅದುಮಿದ. ಕೈ ಜಾಡಿಸಿದ ರಭಸಕ್ಕೆ ಪಟ್ಟಿ ಅಂಗಳಕ್ಕೆ ಹೋಗಿ ಬಿತ್ತು. ಯಾರೂ ನಗಲಿಲ್ಲ. ಚಿಕ್ಕಂದಿನಿಂದ ದಿನವೂ ಸಂಜೆ ಅವನ ಹಿಂದೆ ತೋಟ ಸುತ್ತುತ್ತಿದ್ದ ನಾಯಿ ಅದು. ಅವನು ಊರು ಬಿಟ್ಟ ಮೇಲೆ ಅದನ್ನು ತೋಟಕ್ಕೆ ಕರೆದೊಯ್ಯುವವರೇ ಇರಲಿಲ್ಲ. ಹಗಲು ರಾತ್ರಿ ಗೇಟಿನ ಬಳಿ ಗಿಡ್ಡ ಸರಪಳಿಯಲ್ಲಿ ಕಟ್ಟಿರುತ್ತಿದ್ದರು. ಅವನು ಹೋದ ದುಃಖಕ್ಕೆ ಬೊಗಳಿದ ನಾಯಿಗೆ ಅವನೇ ಪಟ್ಟಿ ಕಳಿಸಿದ್ದ.

ನಮ್ಮ ಬೈಬಲಿನ ತೊಬೀತನ ಗ್ರಂಥದಲ್ಲಿ ಮಗ ತೊಬಿಯಾಸ ದೂರದೇಶಕ್ಕೆ ಹೊರಡುತ್ತಾನೆ. ಜೊತೆಗೆ ದೇವದೂತ ರಫಾಯೇಲ್, ಹಿಂದೆ ಅವನ ನಾಯಿ. ಮನೆಗೆ ಮರಳುವಾಗಲೂ ಆ ನಾಯಿ ಹಿಂದೆಯೇ ಬರುತ್ತದೆ. ಕಥೆಯಲ್ಲಿ ಅದಕ್ಕೆ ಬೇರೆ ಕೆಲಸವೇ ಇಲ್ಲ, ಜೊತೆಗೆ ಹೋಗುವುದಷ್ಟೇ. ಬೆಂಗಳೂರಿನ ಬಾಡಿಗೆ ಕೋಣೆಗೆ ನಾಯಿಯನ್ನು ಕೊಂಡೊಯ್ಯಲಾಗದು, ನಿಜ. ಆದರೆ ಉಳಿದವರು?

ಸರಪಳಿಯ ಬಗ್ಗೆಯೂ ಒಂದು ಮಾತು. ಪಟ್ಟಿಯನ್ನು ದೂರುವ ನಾವು ಸರಪಳಿಯನ್ನು ನೋಡಿಯೂ ನೋಡದಂತಿರುತ್ತೇವೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ, ವಿಪರೀತ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ಮಿತಿಮೀರಿದ ಹೊತ್ತು ಕಟ್ಟಿಡುವುದೂ, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದೇ ಇರುವುದೂ ಅಪರಾಧವೇ. ಮೊದಲ ಸಲದ ತಪ್ಪಿಗೆ ಕಾಯಿದೆ ಇಟ್ಟ ದಂಡ 10ರಿಂದ 50 ರೂಪಾಯಿ, ಒಂದು ಎಳನೀರಿನ ಬೆಲೆಯ ಸುತ್ತಮುತ್ತ. ಹಾಗೆಂದು ಪಾಪವೂ ಅಷ್ಟೇ ಅಗ್ಗ ಎಂದು ತಿಳಿಯಬಾರದು.

ಆ ಮನೆಯಲ್ಲಿ ಏನು ಮಾಡಿದರೆಂದು ಹೇಳುತ್ತೇನೆ. ಇಂಥ ತೊಂದರೆ ನಿಮಗೂ ಇದ್ದರೆ ಉಪಯೋಗಕ್ಕೆ ಬರಬಹುದು. ಮೊದಲು ಪಶು ಆಸ್ಪತ್ರೆಗೆ ಕರೆದೊಯ್ದು ಹುಣ್ಣಿಗೆ ಔಷಧ ಹಾಕಿಸಿದರು, ಬೇರೆ ನೋವೇನೂ ಇಲ್ಲವೆಂದು ಖಚಿತಪಡಿಸಿಕೊಂಡರು. ಗೇಟಿನ ಬಳಿಯಿಂದ ನಾಯಿಯನ್ನು ಹಿತ್ತಲಿನ ಕಡೆಗೆ ತಂದರು. ರಸ್ತೆಯಲ್ಲಿ ಹೋಗುವ ಬೀದಿನಾಯಿಗಳು ಕಾಣದಂತೆ ತೆಂಗಿನ ಗರಿಯ ತಡಿಕೆ ಕಟ್ಟಿದರು. ಯಜಮಾನರು ಬೆಳಿಗ್ಗೆ ಸಂಜೆ ತೋಟಕ್ಕೆ ಹೋಗುವಾಗ ಜೊತೆಗೆ ಕರೆದೊಯ್ಯತೊಡಗಿದರು. ರಾತ್ರಿ ಚಿರತೆಯ ಭಯಕ್ಕೂ ಆಯಿತು, ನೆರೆಯವರ ನಿದ್ರೆಗೂ ಆಯಿತು ಎಂದು ಒಳಗಡೆ ಮೆಟ್ಟಿಲ ಬಳಿ ಮಲಗಿಸಿದರು. ಬೊಗಳಿದಾಗ ಕೂಗಿ ಗದರಿಸುವುದನ್ನು ಬಿಟ್ಟರು, ಏಕೆಂದರೆ ನಾವೂ ಅದರ ಜೊತೆ ಸೇರಿ ಬೊಗಳುತ್ತಿದ್ದೇವೆಂದೇ ನಾಯಿ ತಿಳಿಯುವುದುಂಟು. ಬದಲಿಗೆ ಅಜ್ಜಿ “ಸಾಕು ರಾಜ” ಎಂದು ಮೆಲ್ಲಗೆ ಹೇಳಿ, ಅದು ಬಾಯಿ ಮುಚ್ಚಿದ ಕ್ಷಣದಲ್ಲಿ ಒಂದು ಚೂರು ಮುದ್ದೆ ಕೊಡುತ್ತಿದ್ದರು. ಇದಕ್ಕೆಲ್ಲ ನಾಲ್ಕು ದಿನ ಸಾಲಲಿಲ್ಲ. ಎರಡು ತಿಂಗಳು ಹಿಡಿಯಿತು. ನಡುವೆ ಒಂದು ವಾರ ಮತ್ತೆ ಕೆಟ್ಟು, ಯಜಮಾನರು ಪಟ್ಟಿಯನ್ನು ಹುಡುಕಿದ್ದೂ ಉಂಟು. ಅಜ್ಜಿ ಅದನ್ನು ಎಲ್ಲಿ ಇಟ್ಟಿದ್ದರೋ, ಸಿಗಲಿಲ್ಲ.

ಆದರೆ ಎಲ್ಲಕ್ಕಿಂತ ಕಷ್ಟದ ಕೆಲಸ ಮೇಷ್ಟ್ರ ಮನೆಗೆ ಹೋಗುವುದಾಗಿತ್ತು. ಯಜಮಾನರಿಗೆ ಸಂಕೋಚ, ನಾನೂ ಜೊತೆಗೆ ಹೋದೆ. ಮೇಷ್ಟ್ರು ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದರು. ಯಜಮಾನರು “ತಪ್ಪಾಯ್ತು ಮೇಷ್ಟ್ರೇ, ಇನ್ನೆರಡು ತಿಂಗಳು ಸಹಿಸಿಕೊಳ್ಳಿ” ಎಂದಾಗ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ಇದು: “ನಾಯಿ ಬೊಗಳಿದ್ದಕ್ಕೆ ನನಗೆ ಅಷ್ಟು ಬೇಜಾರಾಗಲಿಲ್ಲ ಫಾದರ್. ಮೂರು ಸಲ ಹೇಳೋದಕ್ಕೆ ಬಂದೆ. ಮೂರು ಸಲವೂ ಇವರು ನನ್ನನ್ನ ಗೇಟಿನ ಹೊರಗೆ ನಿಲ್ಲಿಸಿಯೇ ಮಾತಾಡಿಸಿದರು.” ಯಜಮಾನರು ತಲೆ ತಗ್ಗಿಸಿದರು. ಹದಿನೆಂಟು ವರ್ಷದ ನೆರೆಹೊರೆ. ಆ ಕಾಫಿ ಕುಡಿದು ಮುಗಿಸಲು ನಮಗೆ ಬಹಳ ಹೊತ್ತು ಬೇಕಾಯಿತು.

ಈ ವರ್ಷವೂ ಪಾಸ್ಖದ ನಂತರ ಆ ಮನೆಗೆ ಹೋದೆ. ಬೈಕು ತಿರುವಿನಲ್ಲಿ ಇರುವಾಗಲೇ ತಡಿಕೆಯ ಹಿಂದಿನಿಂದ ರಾಜ ಶುರುಮಾಡಿತು. ನಾನು ಗೇಟು ತೆರೆದು, ಚಪ್ಪಲಿ ಬಿಟ್ಟು, ಮೊದಲಿನಂತೆ ಅದರ ಅಪ್ಪಣೆಗೆ ಕಾದು ನಿಂತೆ. ಅಜ್ಜಿ ಹೊರಗೆ ಬಂದು, “ನಿಮ್ಮನ್ನ ಬೈತಾ ಇಲ್ಲ ಸ್ವಾಮ್ಯೋರೇ, ಯಾಕೆ ಇಷ್ಟು ತಡ ಅಂತ ಕೇಳ್ತಾ ಇದಾನೆ” ಎಂದರು. “ಸಾಕು ರಾಜ” ಎಂದು ಎರಡು ಸಲ ಹೇಳಬೇಕಾಯಿತು. ಅಷ್ಟರಲ್ಲಿ ಪಕ್ಕದ ಕಾಂಪೌಂಡಿನ ಮೇಲೆ ಮೇಷ್ಟ್ರ ತಲೆ ಕಾಣಿಸಿತು. “ಫಾದರ್ ಬಂದ್ರು ಅಂತ ಗೊತ್ತಾಯ್ತು, ಕಾಫಿ ಇಲ್ಲೇ ಆಗಲಿ” ಎಂದರು.